ಅಳಿಯದ ಅಕ್ಷರ

ರಾತ್ರಿ ಹತ್ತು ಗಂಟೆಯ ಹೊತ್ತಿಗೆ ದೂರದ ಪಟ್ಟಣದಿಂದ ಬಂದ ಬಸ್ಸೊಂದು ಹಳ್ಳಿಯ ಅರಳಿಕಟ್ಟೆಯ ಬಳಿ ತಂಗುತ್ತದೆ. ಪ್ರಯಾಣಿಕರೆಲ್ಲ ಇಳಿದ ಮೇಲೆ ಚಾಲಕನು ಎಂಜಿನನ್ನು ನಿಲ್ಲಿಸಿ ಬೀಗದ ಕೈಯನ್ನು ತೆಗೆಯುತ್ತಾನೆ. ಒಡನೆಯೇ ಬಸ್ಸಿನ ಹಣೆಯ ಮೇಲೆ ಸಣ್ಣ ಸಣ್ಣ ದೀಪಗಳಲ್ಲಿ ಹೊಳೆಯುತ್ತಿದ್ದ ಊರಿನ ಹೆಸರು ಆರಿಹೋಗುತ್ತದೆ. ರಾತ್ರಿಯೆಲ್ಲ ಆ ಫಲಕಕ್ಕೆ ವಿದ್ಯುತ್ತಿಲ್ಲ. ಬೆಳಗಿನ ಜಾವ ಚಾಲಕನು ಬಂದು ಕೀಲಿ ತಿರುಗಿಸಿದ ಕ್ಷಣದಲ್ಲಿಯೇ ಹೆಸರು ಮತ್ತೆ ಬೆಳಗುತ್ತದೆ. ಒಂದು ಒತ್ತಕ್ಷರ ತಪ್ಪಿಲ್ಲ, ಒಂದು ದೀರ್ಘ ಬಿಟ್ಟುಹೋಗಿಲ್ಲ. ಯಾರೂ ಅದನ್ನು ಮರಳಿ ಬರೆಯಲಿಲ್ಲ. ಹಾಗಾದರೆ ಇಡೀ ರಾತ್ರಿ ಆ ಹೆಸರು ಎಲ್ಲಿತ್ತು?

ಫಲಕದ ಹಿಂಬದಿಯನ್ನು ಬಿಚ್ಚಿ ನೋಡಿದವರಿಗೆ ಅಲ್ಲಿ ಹೆಸರಾಗಲಿ ಅಕ್ಷರವಾಗಲಿ ಕಾಣಿಸುವುದಿಲ್ಲ. ಕಾಣಿಸುವುದು ಹಸಿರು ಹಲಗೆಯೊಂದರ ಮೇಲೆ ಬೆಸುಗೆ ಹಾಕಿದ ಕೆಲವು ಕರಿಯ ತುಣುಕುಗಳು ಮಾತ್ರ. ಅವುಗಳಲ್ಲಿ ಒಂದಕ್ಕೆ ಮೈಕ್ರೋಕಂಟ್ರೋಲರ್ ಎಂದು ಹೆಸರು. ಲೆಕ್ಕ ಮಾಡುವ ಭಾಗ, ನೆನಪಿಡುವ ಭಾಗ, ಹೊರಗಿನ ದೀಪ ಗುಂಡಿಗಳೊಡನೆ ವ್ಯವಹರಿಸುವ ಭಾಗ, ಈ ಮೂರೂ ಒಂದೇ ಚಿಪ್ಪಿನಲ್ಲಿ ಅಡಕವಾಗಿರುವ ಪುಟ್ಟ ಗಣಕಯಂತ್ರವದು. ಬಟ್ಟೆ ಒಗೆಯುವ ಯಂತ್ರ, ಅಂಗಡಿಯ ವಿದ್ಯುತ್ ತಕ್ಕಡಿ, ಕಂಡಕ್ಟರನ ಟಿಕೆಟ್ ಯಂತ್ರ, ಮನೆಯ ಗೋಡೆಯ ಮೇಲಿನ ಮೀಟರು, ಇವೆಲ್ಲವುಗಳ ಒಳಗೂ ಅದು ಸದ್ದಿಲ್ಲದೆ ಕೆಲಸ ಮಾಡುತ್ತಿದೆ.

ಇಂಥ ಯಂತ್ರದ ನೆನಪು ಒಂದೇ ಬಗೆಯದಲ್ಲ. ಅದನ್ನು ತಿಳಿಯಲು ಹಳೆಯ ಕಾಲದ ಬರವಣಿಗೆಯ ಸಾಮಗ್ರಿಗಳನ್ನು ನೆನೆಯುವುದು ಒಳ್ಳೆಯದು. ಹಿಂದೆ ಐಗಳ ಮಠದಲ್ಲಿ ಮಕ್ಕಳು ನೆಲದ ಮೇಲೆ ಮರಳು ಹರಡಿಕೊಂಡು ಬೆರಳಿನಿಂದ ಅಕ್ಷರ ತಿದ್ದುತ್ತಿದ್ದರು. ಬರೆಯುವುದು ಸುಲಭ, ಅಳಿಸುವುದು ಇನ್ನೂ ಸುಲಭ. ಗಾಳಿ ಬೀಸಿದರೆ ಪಾಠವೇ ಮಾಯ. ಅರಸರು ಕೊಟ್ಟ ದತ್ತಿಯನ್ನು ಮರಳಿನ ಮೇಲೆ ಬರೆಯುವಂತಿರಲಿಲ್ಲ. ಅದಕ್ಕೆ ತಾಮ್ರದ ಪಟವೋ ಕಲ್ಲೋ ಬೇಕಾಗುತ್ತಿತ್ತು. ಕನ್ನಡದ ಅತಿ ಹಳೆಯ ಶಾಸನಗಳಲ್ಲಿ ಒಂದಾದ ಹಲ್ಮಿಡಿಯ ಶಾಸನವು ಸುಮಾರು ಕ್ರಿ.ಶ. ೪೫೦ರಲ್ಲಿ ಕಲ್ಲಿನ ಮೇಲೆ ಮೂಡಿ ಇಂದಿಗೂ ಓದಲು ಸಿಗುತ್ತದೆ. ಇವೆರಡರ ನಡುವೆ ಮೂರನೆಯದೊಂದು ಇತ್ತು. ಅದೇ ಕಡತ. ದಪ್ಪ ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಲ ಪುಡಿಯನ್ನೂ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದ ಕರಿಯ ಪುಸ್ತಕವದು. ಅದರ ಮೇಲೆ ವ್ಯಾಪಾರಿಗಳು ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಬರೆದದ್ದು ಗಾಳಿಗೆ ಹಾರದು; ಬೇಡವೆಂದಾಗ ಒರೆಸಿ ಮತ್ತೆ ಬರೆಯಬಹುದು. ಇಂದು ಕಚೇರಿಗಳಲ್ಲಿ ಫೈಲಿಗೆ ಕಡತವೆನ್ನುವವರಲ್ಲಿ ಎಷ್ಟು ಮಂದಿಗೆ ಆ ಕರಿಯ ಬಟ್ಟೆಯ ನೆನಪಿದೆಯೋ!

ಮೈಕ್ರೋಕಂಟ್ರೋಲರಿನ ಒಳಗೆ ಮರಳೂ ಉಂಟು, ತಾಮ್ರಪಟವೂ ಉಂಟು, ಕಡತವೂ ಉಂಟು. ವಿದ್ಯುತ್ತು ಇರುವ ತನಕ ಮಾತ್ರ ಉಳಿದು, ಅದು ಹೋದೊಡನೆ ಅಳಿಯುವ ನೆನಪಿಗೆ ರ‍್ಯಾಮ್ ಎನ್ನುತ್ತಾರೆ. ಅದು ಮರಳು. ವಿದ್ಯುತ್ತು ಹೋದರೂ ಅಳಿಯದ ನೆನಪು ಉಳಿದೆರಡು. ಅಕ್ಷರವೆಂಬ ಶಬ್ದಕ್ಕೆ ನಾಶವಿಲ್ಲದುದು ಎಂಬ ಅರ್ಥ ಉಂಟು. ಆದರೆ ಅಕ್ಷರವು ತನ್ನಷ್ಟಕ್ಕೆ ತಾನೇ ಉಳಿಯುವುದಿಲ್ಲ. ಉಳಿಯುವಂಥ ಎಡೆಯನ್ನು ನೋಡಿ ಅದನ್ನು ಇಡಬೇಕು. ಇಟ್ಟ ಬಗೆಯಲ್ಲಿಯೇ ಅದನ್ನು ಓದಿ ತೆಗೆಯಬೇಕು. ಬಸ್ಸಿನ ಹೆಸರಿನ ಗುಟ್ಟು ಇರುವುದು ಇಲ್ಲಿಯೇ.

ಅಳಿಯದ ನೆನಪನ್ನು ಯಂತ್ರಕ್ಕೆ ಕೊಡಲು ಮನುಷ್ಯನು ಪಟ್ಟ ಪಾಡು ಸಾಮಾನ್ಯವಲ್ಲ. ೧೯೬೦ರ ದಶಕದಲ್ಲಿ ಅಮೆರಿಕದವರು ಚಂದ್ರನಿಗೆ ಮನುಷ್ಯರನ್ನು ಕಳುಹಿಸಲು ಸಿದ್ಧತೆ ನಡೆಸಿದ್ದಾಗ, ಅಪೋಲೋ ನೌಕೆಗಳ ದಾರಿ ತೋರುವ ಗಣಕಯಂತ್ರವನ್ನು ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಪ್ರಯೋಗಶಾಲೆಯಲ್ಲಿ ರೂಪಿಸಲಾಯಿತು. ಆ ಯಂತ್ರಕ್ಕೆ ಬೇಕಾದ ಅಪ್ಪಣೆಗಳನ್ನು ಬರೆದಿಟ್ಟ ರೀತಿ ವಿಚಿತ್ರವಾದದ್ದು. ಅವುಗಳನ್ನು ತಂತಿಯಲ್ಲಿ ನೇಯ್ದರು! ವಾಲ್ಥಮ್ ಪಟ್ಟಣದ ರೇಥಿಯಾನ್ ಕಾರ್ಖಾನೆಯಲ್ಲಿ ನುರಿತ ಹೆಣ್ಣುಮಕ್ಕಳು ಸೂಜಿಯಂಥ ಸಾಧನದಲ್ಲಿ ತೆಳುವಾದ ತಂತಿಯನ್ನು ಹಿಡಿದು, ಅಯಸ್ಕಾಂತ ಗುಣವುಳ್ಳ ಪುಟ್ಟ ಉಂಗುರಗಳ ಸಾಲಿನಲ್ಲಿ ಹಾಯಿಸುತ್ತಿದ್ದರು. ತಂತಿಯು ಉಂಗುರದ ಒಳಗಿನಿಂದ ಹಾದರೆ ಒಂದು, ಹೊರಗಿನಿಂದ ಹಾದರೆ ಸೊನ್ನೆ. ಇಂತಹ ಒಂದು ಸೊನ್ನೆಗಳ ೩೬,೮೬೪ ಪದಗಳನ್ನು ಆ ನೇಯ್ಗೆ ಹಿಡಿದಿಡುತ್ತಿತ್ತು. ಒಂದು ತಂತಿ ತಪ್ಪಿದರೆ ಒಂದು ಅಪ್ಪಣೆ ತಪ್ಪಿದಂತೆ. ನೇಯ್ಗೆ ಮುಗಿದ ಮೇಲೆ ತಿದ್ದುವುದು ಬಹು ಕಷ್ಟ. ಆದುದರಿಂದ ಪ್ರಯಾಣಕ್ಕೆ ತಿಂಗಳುಗಳ ಮೊದಲೇ ಅಪ್ಪಣೆಗಳೆಲ್ಲ ಅಂತಿಮವಾಗಬೇಕಿತ್ತು. ಸೀರೆಯ ಸೆರಗಿನಲ್ಲಿ ಹೂವು ಬಳ್ಳಿ ಮೂಡಿಸುವ ಕೈಗಳಿಗೂ ಈ ಕೈಗಳಿಗೂ ಕಸಬಿನಲ್ಲಿ ಹೆಚ್ಚಿನ ಅಂತರವಿರಲಿಲ್ಲ.

೧೯೬೯ರ ನವೆಂಬರ್ ೧೪ರಂದು ಈ ನೇಯ್ಗೆಗೆ ಸತ್ವಪರೀಕ್ಷೆ ಎದುರಾಯಿತು. ಮೂವರು ಯಾತ್ರಿಕರನ್ನು ಹೊತ್ತ ಅಪೋಲೋ ೧೨ ಮಳೆಮೋಡಗಳ ನಡುವೆ ನೆಲವನ್ನು ಬಿಟ್ಟಿತು. ಇನ್ನೂ ಒಂದು ನಿಮಿಷ ತುಂಬುವುದರೊಳಗೆ ಎರಡು ಬಾರಿ ಸಿಡಿಲು ಬಡಿಯಿತು. ನೌಕೆಗೆ ವಿದ್ಯುತ್ತು ಒದಗಿಸುತ್ತಿದ್ದ ಕೋಶಗಳು ಸಂಪರ್ಕ ಕಡಿದುಕೊಂಡವು. ಎಚ್ಚರಿಕೆಯ ದೀಪಗಳು ಒಮ್ಮೆಗೇ ಹೊತ್ತಿಕೊಂಡವು. ಭೂಮಿಗೆ ಬರುತ್ತಿದ್ದ ಅಂಕಿಗಳು ಅರ್ಥವಿಲ್ಲದಂತಾದವು. ಆದರೆ ತಂತಿಯಲ್ಲಿ ನೇಯ್ದ ನೆನಪು ಅಳಿಯಲಿಲ್ಲ. ಉಂಗುರದೊಳಗೆ ಹಾದ ತಂತಿಯನ್ನು ಸಿಡಿಲು ಹೊರಗೆ ತೆಗೆಯಲಾರದಷ್ಟೆ. ಕೋಶಗಳನ್ನು ಮತ್ತೆ ಜೋಡಿಸಿಕೊಂಡು ಯಾತ್ರಿಕರು ಮುಂದುವರಿದರು. ಐದು ದಿನಗಳ ಬಳಿಕ ಅವರಲ್ಲಿ ಇಬ್ಬರು ಚಂದ್ರನ ಮೇಲೆ ಇಳಿದರು.

ಎಲ್ಲ ಯಂತ್ರಕ್ಕೂ ಹೀಗೆ ನೇಯುತ್ತ ಕೂರಲಾದೀತೆ? ಬರೆಯಲು ಸುಲಭವಾದ, ಆದರೂ ಅಳಿಯದ ನೆನಪು ಬೇಕಾಯಿತು. ೧೯೬೭ರಲ್ಲಿ ಬೆಲ್ ಪ್ರಯೋಗಶಾಲೆಯ ಡಾವನ್ ಕಾಂಗ್ ಮತ್ತು ಸೈಮನ್ ಝೀ ಎಂಬ ವಿಜ್ಞಾನಿಗಳು ಇದಕ್ಕೆ ಬೀಜರೂಪವಾದ ಒಂದು ಉಪಾಯವನ್ನು ಪ್ರಕಟಿಸಿದರು. ವಾಹಕ ವಸ್ತುವಿನ ಅತಿ ಚಿಕ್ಕ ತುಣುಕೊಂದನ್ನು ಸುತ್ತಲೂ ಗಾಜಿನಂಥ ಪದರದಿಂದ ಮುಚ್ಚಿಬಿಡುವುದು. ಅದು ನಾಲ್ಕು ಕಡೆಯೂ ಕೋಟೆಯುಳ್ಳ ನಡುಗಡ್ಡೆಯಂತೆ. ಯಾವ ತಂತಿಯೂ ಅದನ್ನು ಮುಟ್ಟುವುದಿಲ್ಲ. ಬಲವಾದ ವಿದ್ಯುತ್ ಒತ್ತಡವನ್ನು ಹಾಕಿದಾಗ ಎಲೆಕ್ಟ್ರಾನುಗಳು ಆ ಗೋಡೆಯನ್ನು ದಾಟಿ ಒಳಗೆ ಸೇರುತ್ತವೆ. ಒತ್ತಡ ಹೋದ ಮೇಲೆ ಅವು ಹೊರಗೆ ಬರಲಾರವು. ವಿದ್ಯುತ್ತಿರಲಿ ಬಿಡಲಿ, ಒಳಗೆ ಸೇರಿದವು ಅಲ್ಲಿಯೇ ಸೆರೆ. ನಡುಗಡ್ಡೆಯ ಕೆಳಗೆ ಹರಿಯುವ ಪ್ರವಾಹವನ್ನು ಅವು ತಡೆಯುತ್ತವೆ. ಪ್ರವಾಹ ಹರಿದರೆ ಒಂದು, ತಡೆದರೆ ಸೊನ್ನೆ. ಓದುವವನು ಕೋಟೆಯನ್ನು ಒಡೆಯಬೇಕಿಲ್ಲ, ಹೊರಗಿನ ಹರಿವನ್ನು ನೋಡಿಯೇ ಒಳಗೆ ಏನಿದೆಯೆಂದು ತಿಳಿಯುತ್ತಾನೆ.

ಇದನ್ನು ಮಾರುಕಟ್ಟೆಗೆ ತಂದ ಕಥೆಯೂ ಸ್ವಾರಸ್ಯವಾದುದು. ಇಂಟೆಲ್ ಕಂಪೆನಿಯಲ್ಲಿದ್ದ ಡೋವ್ ಫ್ರೋಮನ್ ಎಂಬ ತರುಣ ವಿಜ್ಞಾನಿ ಕೆಟ್ಟುಹೋದ ಚಿಪ್ಪುಗಳ ದೋಷವೇನೆಂದು ಹುಡುಕುತ್ತಿದ್ದ. ಸಂಪರ್ಕ ಕಡಿದ ಭಾಗದಲ್ಲಿ ವಿದ್ಯುದಂಶವು ಸಿಕ್ಕಿಕೊಂಡು ನಿಲ್ಲುವುದು ಅವನ ಗಮನಕ್ಕೆ ಬಂತು. ಇನ್ನೊಬ್ಬನಾಗಿದ್ದರೆ ದೋಷವನ್ನು ನಿವಾರಿಸಿ ಸುಮ್ಮನಾಗುತ್ತಿದ್ದನೇನೋ. ಫ್ರೋಮನ್ ದೋಷವನ್ನೇ ಗುಣವಾಗಿಸಿದ. ೧೯೭೧ರಲ್ಲಿ ಅವನ ಇಪ್ರಾಮ್ ಚಿಪ್ಪು ಹೊರಬಂತು. ಅದರಲ್ಲಿ ಹಿಡಿಯುತ್ತಿದ್ದುದು ೨೫೬ ಅಕ್ಷರಗಳಷ್ಟು ಮಾತ್ರ. ಅದರ ನೆತ್ತಿಯ ಮೇಲೆ ಸ್ಫಟಿಕದ ಕಿಟಕಿಯೊಂದಿತ್ತು. ಆ ಕಿಟಕಿಯ ಮೂಲಕ ಅತಿನೇರಳೆ ಬೆಳಕನ್ನು ಹಾಯಿಸಿದರೆ ಬರೆದದ್ದೆಲ್ಲ ಅಳಿದು ಮತ್ತೆ ಬರೆಯಲು ಎಡೆಯಾಗುತ್ತಿತ್ತು. ಬಿಸಿಲು ಬಿದ್ದರೂ ಕ್ರಮೇಣ ಅಳಿಯುವ ಭಯವಿದ್ದುದರಿಂದ ಕಿಟಕಿಯ ಮೇಲೆ ಕಾಗದದ ಚೀಟಿ ಅಂಟಿಸುವುದು ವಾಡಿಕೆಯಾಯಿತು. ಆ ಬಳಿಕ ಬೆಳಕಿನ ಹಂಗಿಲ್ಲದೆ ವಿದ್ಯುತ್ತಿನಿಂದಲೇ ಅಳಿಸಬಲ್ಲ ಇಇಪ್ರಾಮ್ ಬಂತು. ೧೯೮೪ರಲ್ಲಿ ಜಪಾನಿನ ತೋಷಿಬಾ ಕಂಪೆನಿಯ ಫುಜಿಯೊ ಮಸುವೊಕ, ದೊಡ್ಡ ಭಾಗವನ್ನು ಒಂದೇ ಸಲಕ್ಕೆ ಅಳಿಸಬಲ್ಲ ನೆನಪನ್ನು ಲೋಕಕ್ಕೆ ಪರಿಚಯಿಸಿದ. ಆ ಅಳಿಸುವಿಕೆ ಕ್ಯಾಮೆರಾದ ಮಿಂಚಿನಂತಿದೆಯೆಂದು ಅವನ ಸಹೋದ್ಯೋಗಿಯೊಬ್ಬ ಅದಕ್ಕೆ ಫ್ಲ್ಯಾಷ್ ಎಂಬ ಹೆಸರನ್ನು ಸೂಚಿಸಿದನಂತೆ.

ಇನ್ನು ಬಸ್ಸಿನ ಫಲಕಕ್ಕೆ ಮರಳಬಹುದು. ವಿಜ್ಞಾನ ವಸ್ತುಪ್ರದರ್ಶನಕ್ಕಾಗಿ ಪ್ರೌಢಶಾಲೆಯ ಕೆಲವು ವಿದ್ಯಾರ್ಥಿಗಳು ಅಂಥದೇ ಫಲಕವೊಂದನ್ನು ಕಟ್ಟಲು ಹೊರಟರೆಂದು ಇಟ್ಟುಕೊಳ್ಳಿ. ಅವರ ಕೈಗೆ ಸಿಗುವುದು ಬಹುಮಟ್ಟಿಗೆ ಆರ್ಡುಯಿನೊ ಊನೊ ಎಂಬ ಹಲಗೆ. ಆರ್ಡುಯಿನೊ ಹುಟ್ಟಿದ್ದು ೨೦೦೫ರಲ್ಲಿ, ಇಟಲಿಯ ಇವ್ರೇಯಾ ಪಟ್ಟಣದಲ್ಲಿ, ವಿದ್ಯಾರ್ಥಿಗಳ ಕಲಿಕೆಗೆಂದೇ. ಊನೊ ಹಲಗೆಯ ಮೇಲಿನ ಎಟಿಮೆಗಾ ೩೨೮ಪಿ ಚಿಪ್ಪು ಎವಿಆರ್ ಎಂಬ ಕುಲಕ್ಕೆ ಸೇರಿದ್ದು. ಆ ಕುಲದ ಮೂಲಪುರುಷರು ನಾರ್ವೆ ದೇಶದ ಟ್ರೋಂಡ್‌ಹೈಮಿನಲ್ಲಿ ಓದುತ್ತಿದ್ದ ಆಲ್ಫ್ ಎಗಿಲ್ ಬೋಗನ್ ಮತ್ತು ವೇಗಾರ್ಡ್ ವೊಲ್ಲನ್ ಎಂಬ ಇಬ್ಬರು ವಿದ್ಯಾರ್ಥಿಗಳು.

ಈ ಚಿಪ್ಪಿನ ಆಸ್ತಿಯನ್ನು ಎಣಿಸಿ ನೋಡಬೇಕು. ನೆನಪಿನ ಅಳತೆಗೆ ಬೈಟ್ ಎಂದು ಹೆಸರು. ಒಂದು ಬೈಟಿನಲ್ಲಿ ಸೊನ್ನೆಯಿಂದ ೨೫೫ರ ತನಕ ಯಾವುದಾದರೂ ಒಂದು ಸಂಖ್ಯೆಯನ್ನು ಇಡಬಹುದು. ಚಿಪ್ಪಿನ ಫ್ಲ್ಯಾಷ್ ೩೨,೭೬೮ ಬೈಟುಗಳದ್ದು; ಪ್ರೋಗ್ರಾಮು ಇರುವುದು ಇದರಲ್ಲಿ. ರ‍್ಯಾಮ್ ೨,೦೪೮ ಬೈಟುಗಳು ಮಾತ್ರ. ಇಇಪ್ರಾಮ್ ಇನ್ನೂ ಕಿರಿದು, ೧,೦೨೪ ಬೈಟು. ಅಂದರೆ ತಾಮ್ರಪಟ ವಿಶಾಲವಾಗಿದೆ, ಮರಳಿನ ಅಂಗಳ ಚಿಕ್ಕದು, ಕಡತ ಒಂದೆರಡು ಮಡಿಕೆಯದು. ಮೂರಕ್ಕೂ ಬೇರೆ ಬೇರೆ ಮನೆಸಂಖ್ಯೆಗಳುಂಟು. ಫ್ಲ್ಯಾಷಿನಲ್ಲಿ ನೂರನೆಯ ಮನೆ ಇರುವಂತೆಯೇ ರ‍್ಯಾಮಿನಲ್ಲೂ ಬೇರೊಂದು ಮನೆಗೆ ಅದೇ ಸಂಖ್ಯೆ ಬರಬಹುದು. ಒಂದೇ ಊರಿನ ಎರಡು ಬೀದಿಗಳಲ್ಲಿ ಒಂದೇ ಸಂಖ್ಯೆಯ ಮನೆಗಳಿದ್ದರೆ ಅಂಚೆಯವನು ಬೀದಿಯ ಹೆಸರನ್ನೂ ನೋಡಬೇಕಷ್ಟೆ. ಇಲ್ಲಿಯೂ ಹಾಗೆಯೇ.

ಅಕ್ಷರವನ್ನು ಬೈಟಿನಲ್ಲಿ ಇಡುವುದೆಂದರೆ ಸಂಖ್ಯೆಯನ್ನು ಇಡುವುದು. ಯಂತ್ರಕ್ಕೆ ಅಕ್ಷರವೇ ತಿಳಿಯದು. ೧೯೬೩ರಲ್ಲಿ ಅಮೆರಿಕದಲ್ಲಿ ರೂಪುಗೊಂಡ ಆಸ್ಕಿ ಎಂಬ ಸಂಕೇತದಲ್ಲಿ ಇಂಗ್ಲಿಷಿನ ಎ ಅಕ್ಷರಕ್ಕೆ ೬೫, ಬಿ ಅಕ್ಷರಕ್ಕೆ ೬೬, ಹೀಗೆ ಒಂದೊಂದಕ್ಕೂ ಒಂದೊಂದು ಸಂಖ್ಯೆ ಗೊತ್ತಾಗಿದೆ. ಅಕ್ಷರಗಳನ್ನು ಒಂದರ ಪಕ್ಕದಲ್ಲಿ ಒಂದರಂತೆ ಪೋಣಿಸಿದರೆ ಅದಕ್ಕೆ ಸ್ಟ್ರಿಂಗ್ ಎನ್ನುತ್ತಾರೆ. ಅಕ್ಷರಗಳ ಸರವೆಂದರೂ ಸಲ್ಲುತ್ತದೆ.

ಸರವು ಎಲ್ಲಿ ಮುಗಿಯಿತೆಂದು ತಿಳಿಯುವುದು ಹೇಗೆ? ಪುಸ್ತಕದಲ್ಲಾದರೆ ಪದಗಳ ನಡುವೆ ಬಿಡುವು ಕಾಣುತ್ತದೆ. ಚಿಪ್ಪಿನಲ್ಲಿ ಬೈಟಿಗೆ ಬೈಟು ಅಂಟಿಕೊಂಡಿದೆ. ಹಳೆಯ ಶಾಸನಗಳಲ್ಲಿಯೂ ಪದಗಳ ನಡುವೆ ಬಿಡುವಿಲ್ಲ; ಆದರೆ ಅನೇಕ ಶಾಸನಗಳು ‘ಮಂಗಳ ಮಹಾ ಶ್ರೀ’ ಎಂದು ಮುಗಿಯುತ್ತವೆ. ಅಲ್ಲಿಗೆ ಬಂದ ಓದುಗನಿಗೆ ಮಾತು ಮುಗಿಯಿತೆಂದು ತಿಳಿಯುತ್ತದೆ. ಚಿಪ್ಪಿನಲ್ಲಿ ಆ ಕೆಲಸವನ್ನು ಮಾಡುವುದು ಸೊನ್ನೆ. ಸರದ ಕೊನೆಯಲ್ಲಿ ಒಂದು ಸೊನ್ನೆಯನ್ನು ಇಡುತ್ತಾರೆ. ಓದುವ ಪ್ರೋಗ್ರಾಮು ಒಂದೊಂದೇ ಬೈಟನ್ನು ತೆಗೆದು ನೋಡುತ್ತ ಹೋಗಿ, ಸೊನ್ನೆ ಸಿಕ್ಕೊಡನೆ ನಿಲ್ಲುತ್ತದೆ. ಸೊನ್ನೆಗೆ ಬೆಲೆಯಿಲ್ಲವೆಂದು ತಿಳಿದು ಅದನ್ನು ಬಿಟ್ಟವರು ಪಡುವ ಪಾಡನ್ನು ಕೇಳಬೇಕೆ? ಓದುವ ಪ್ರೋಗ್ರಾಮಿಗೆ ನಿಲ್ಲುವ ಗುರುತು ಸಿಗುವುದಿಲ್ಲ. ಅದು ಪಕ್ಕದ ಹೆಸರನ್ನು ಓದುತ್ತದೆ, ಅದರ ಪಕ್ಕದ್ದನ್ನು ಓದುತ್ತದೆ, ಅಕ್ಷರವೇ ಅಲ್ಲದುದನ್ನೂ ಅಕ್ಷರವೆಂದು ಓದಿ ಫಲಕದ ಮೇಲೆ ಕಸವನ್ನು ಚೆಲ್ಲುತ್ತದೆ. ಹೊಸ ಇಇಪ್ರಾಮಿನಲ್ಲಿ ಇನ್ನೊಂದು ಮೋಸ ಉಂಟು. ಖಾಲಿ ಮನೆಯಲ್ಲಿ ಸೊನ್ನೆಯಿರುವುದೆಂದು ಯಾರಿಗಾದರೂ ತೋರಬಹುದು. ಅಲ್ಲಿ ನಿಜವಾಗಿ ಇರುವುದು ೨೫೫. ಏನನ್ನೂ ಬರೆಯದೆ ಓದಹೊರಟರೆ ಕೊನೆಯೆಂಬುದೇ ಸಿಗದು.

ಈಗ ಕನ್ನಡದ ಪ್ರಶ್ನೆ. ಕನ್ನಡದ ಅಕ್ಷರಗಳಿಗೆ ಆಸ್ಕಿಯಲ್ಲಿ ಎಡೆಯಿಲ್ಲ. ಲೋಕದ ಲಿಪಿಗಳನ್ನೆಲ್ಲ ಒಂದೇ ಪಟ್ಟಿಯಲ್ಲಿ ಸೇರಿಸುವ ಯೂನಿಕೋಡ್ ಎಂಬ ವ್ಯವಸ್ಥೆ ೧೯೯೧ರಲ್ಲಿ ಹೊರಬಂದಾಗ ಅದರಲ್ಲಿ ಕನ್ನಡಕ್ಕೂ ೧೨೮ ಮನೆಗಳ ಒಂದು ಬೀದಿ ದೊರೆಯಿತು. ಆ ಸಂಖ್ಯೆಗಳು ದೊಡ್ಡವು. ಒಂದು ಬೈಟಿನಲ್ಲಿ ಹಿಡಿಯವು. ಯುಟಿಎಫ್ ೮ ಎಂಬ ಬಳಕೆಯ ಪದ್ಧತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಮೂರು ಬೈಟು ಬೇಕು. ‘ಕ’ ಎಂಬುದು ೨೨೪, ೧೭೮, ೧೪೯ ಎಂಬ ಮೂರು ಸಂಖ್ಯೆಗಳಾಗಿ ಕೂರುತ್ತದೆ. ಗುಣಿತದ ಚಿಹ್ನೆಗೂ ಒತ್ತಕ್ಷರದ ಅರ್ಧವ್ಯಂಜನದ ಗುರುತಿಗೂ ಬೇರೆ ಬೇರೆ ಎಡೆ ಕೊಡಬೇಕು. ‘ಕನ್ನಡ’ ಎಂಬ ಪದ ಕಣ್ಣಿಗೆ ಮೂರೇ ಅಕ್ಷರ. ಯಂತ್ರದ ಲೆಕ್ಕದಲ್ಲಿ ಕ, ನ, ಅರ್ಧದ ಗುರುತು, ಮತ್ತೊಂದು ನ, ಡ ಎಂದು ಐದು ಚಿಹ್ನೆ, ಹದಿನೈದು ಬೈಟು. ಕೊನೆಯ ಸೊನ್ನೆ ಸೇರಿದರೆ ಹದಿನಾರು.

ಬಾಗಲಕೋಟೆ ಎಂಬ ಹೆಸರಿನಲ್ಲಿ ಎಂಟು ಚಿಹ್ನೆಗಳಿವೆ. ಅದಕ್ಕೆ ೨೪ ಬೈಟು, ಸೊನ್ನೆಯೂ ಸೇರಿ ೨೫. ವಿದ್ಯಾರ್ಥಿಗಳ ಫಲಕದಲ್ಲಿ ಇಷ್ಟೇ ಉದ್ದದ ೮೦ ಊರುಗಳಿದ್ದರೆ ಒಟ್ಟು ೨,೦೦೦ ಬೈಟು ಆಯಿತು. ಫ್ಲ್ಯಾಷಿನಲ್ಲಿ ಇದು ಯಾವ ಲೆಕ್ಕ ಎನ್ನಿಸಬಹುದು. ತೊಡಕು ಇರುವುದು ಇನ್ನೊಂದು ಕಡೆ. ಬರೆಯುವವನು ವಿಶೇಷವಾಗಿ ಏನನ್ನೂ ಹೇಳದಿದ್ದರೆ, ಚಿಪ್ಪು ಎಚ್ಚರಗೊಳ್ಳುವಾಗ ಫ್ಲ್ಯಾಷಿನಲ್ಲಿರುವ ಹೆಸರುಗಳನ್ನೆಲ್ಲ ರ‍್ಯಾಮಿಗೆ ನಕಲು ಮಾಡಿಕೊಳ್ಳುತ್ತದೆ. ಆಗ ೨,೦೪೮ ಬೈಟಿನ ಅಂಗಳದಲ್ಲಿ ಉಳಿಯುವುದು ೪೮ ಮಾತ್ರ. ಪ್ರೋಗ್ರಾಮು ತನ್ನ ಲೆಕ್ಕಾಚಾರ ಬರೆದುಕೊಳ್ಳಲು ಕೂಡ ಅಲ್ಲಿಯೇ ಜಾಗ ಹುಡುಕಬೇಕು. ಜಾಗ ಸಾಲದೆ ಅದು ಹೆಸರುಗಳ ಮೇಲೆಯೇ ಲೆಕ್ಕ ಬರೆಯುತ್ತದೆ. ಹತ್ತು ಊರುಗಳಿದ್ದಾಗ ಸೊಗಸಾಗಿ ನಡೆದ ಫಲಕವು ಎಂಬತ್ತಾದಾಗ ತೊದಲತೊಡಗುತ್ತದೆ. ಒಮ್ಮೊಮ್ಮೆ ತಾನಾಗಿ ಆರಿ ಮತ್ತೆ ಹೊತ್ತುತ್ತದೆ. ಬರೆದ ಅಪ್ಪಣೆಗಳಲ್ಲಿ ಎಲ್ಲಿ ಹುಡುಕಿದರೂ ತಪ್ಪು ಸಿಗುವುದಿಲ್ಲ. ಪ್ರದರ್ಶನದ ಹಿಂದಿನ ರಾತ್ರಿ ಇಂಥದು ಎದುರಾದರೆ ಮಕ್ಕಳ ಗತಿಯೇನು!

ಪರಿಹಾರ ಸರಳವಾದದ್ದು. ಊರುಗಳ ಹೆಸರು ಬದಲಾಗುವಂಥದಲ್ಲ. ಬದಲಾಗದುದನ್ನು ಮರಳಿನ ಮೇಲೆ ಮರುಬರೆಯುವುದೇಕೆ? ತಾಮ್ರಪಟದಲ್ಲಿಯೇ ಇರಲಿ, ಬೇಕಾದಾಗ ಅಲ್ಲಿಗೇ ಹೋಗಿ ಓದಿಕೊಂಡರಾಯಿತು. ಈ ಹೆಸರುಗಳು ಪ್ರೋಗ್ರಾಮಿನ ನೆನಪಿನಲ್ಲಿಯೇ ನಿಲ್ಲಲಿ ಎಂದು ತಿಳಿಸಲು ಎವಿಆರ್ ಚಿಪ್ಪುಗಳಿಗೆ ಬರೆಯುವವರು ಪ್ರೋಗ್‌ಮೆಮ್ ಎಂಬ ಗುರುತನ್ನು ಹಚ್ಚುತ್ತಾರೆ. ಹಾಗೆ ಇಟ್ಟ ಮೇಲೆ ಓದುವ ಬಗೆಯೂ ಬದಲಾಗಬೇಕು. ಫ್ಲ್ಯಾಷಿನಿಂದ ಬೈಟನ್ನು ತರುವ ಅಪ್ಪಣೆಯೇ ಬೇರೆ, ರ‍್ಯಾಮಿನಿಂದ ತರುವ ಅಪ್ಪಣೆಯೇ ಬೇರೆ. ಬೀದಿಯನ್ನು ಮರೆತ ಅಂಚೆಯವನಂತೆ ರ‍್ಯಾಮಿನ ಅಪ್ಪಣೆಯನ್ನೇ ಬಳಸಿದರೆ, ಅದೇ ಸಂಖ್ಯೆಯ ಬೇರೊಂದು ಮನೆಯಲ್ಲಿರುವ ಬೇರೇನೋ ಕೈಗೆ ಬರುತ್ತದೆ. ಯಂತ್ರವು ಇದನ್ನು ತಪ್ಪೆಂದು ಹೇಳುವುದೂ ಇಲ್ಲ. ಸರಿಯಾದ ಅಪ್ಪಣೆಯನ್ನು ಬಳಸಿದರೆ, ಒಂದು ಹೆಸರಿಗೆ ಸಾಕಾಗುವಷ್ಟು ಚಿಕ್ಕ ಜಾಗವನ್ನು ಮಾತ್ರ ರ‍್ಯಾಮಿನಲ್ಲಿ ಹಿಡಿದು, ಎಂಬತ್ತು ಹೆಸರುಗಳನ್ನೂ ಸರದಿಯಂತೆ ತೋರಿಸಬಹುದು.

ಮಿತವ್ಯಯದ ಇನ್ನೊಂದು ದಾರಿಯೂ ಉಂಟು. ಕನ್ನಡದ ಚಿಹ್ನೆಯ ಮೂರು ಬೈಟುಗಳಲ್ಲಿ ಮೊದಲನೆಯದು ಯಾವಾಗಲೂ ೨೨೪. ಎರಡನೆಯದು ೧೭೮ ಅಥವಾ ೧೭೯. ಎಲ್ಲ ಹೆಸರುಗಳೂ ಕನ್ನಡದವೇ ಆಗಿದ್ದರೆ ಇವನ್ನು ಪ್ರತಿಸಲವೂ ಬರೆಯುವ ಅಗತ್ಯವಿಲ್ಲ. ಬೀದಿಯಲ್ಲಿ ಎಷ್ಟನೆಯ ಮನೆ ಎಂಬ ಒಂದೇ ಸಂಖ್ಯೆಯನ್ನು ಇಟ್ಟರೆ ಬಾಗಲಕೋಟೆಗೆ ಸೊನ್ನೆಯೂ ಸೇರಿ ಒಂಬತ್ತು ಬೈಟು ಸಾಕು. ೧೯೯೧ರಲ್ಲಿಯೇ ಭಾರತದಲ್ಲಿ ಮಾನಕವಾದ ಇಸ್ಕಿ ಸಂಕೇತವೂ ಒಂದು ಚಿಹ್ನೆಗೆ ಒಂದೇ ಬೈಟಿನ ಹಾದಿಯನ್ನು ಹಿಡಿದಿತ್ತು. ಅಕ್ಷರದ ಆಕಾರವನ್ನು ಚುಕ್ಕೆಗಳಾಗಿ ಮೂಡಿಸುವುದು ಇದಾದ ಮೇಲಿನ ಕೆಲಸ. ಆ ಚುಕ್ಕೆಗಳ ನಕ್ಷೆಯೂ ಫ್ಲ್ಯಾಷಿನಲ್ಲಿಯೇ ಇರಬೇಕು. ಶಾಲೆಗಳಲ್ಲಿ ಬಳಸುವ ಎರಡು ಸಾಲಿನ ಅಗ್ಗದ ಪರದೆಗಳಿಗೆ ಕನ್ನಡ ಬಾರದು. ಬಳಕೆದಾರನು ತಾನೇ ಚಿತ್ರಿಸಿದ ಎಂಟು ಆಕಾರಗಳನ್ನು ಮಾತ್ರ ಅವು ಕಲಿತುಕೊಳ್ಳುತ್ತವೆ. ವಿದ್ಯುತ್ತು ಹೋದರೆ ಅವನ್ನೂ ಮರೆಯುತ್ತವೆ. ದಿನದಿನವೂ ಮೈಕ್ರೋಕಂಟ್ರೋಲರು ಪರದೆಗೆ ಹೊಸದಾಗಿ ಅಕ್ಷರಾಭ್ಯಾಸ ಮಾಡಿಸಬೇಕು!

ಬದಲಾಗದ ಹೆಸರುಗಳ ಮಾತು ಇಷ್ಟು. ಬದಲಾಗುವುದೂ ಒಂದಿದೆ. ಎಂಬತ್ತರಲ್ಲಿ ಇಂದು ಯಾವ ಊರು? ಚಾಲಕನು ಗುಂಡಿಯೊತ್ತಿ ಆರಿಸಿದ್ದನ್ನು ರಾತ್ರಿ ಕಳೆದರೂ ನೆನಪಿಡಬೇಕು. ಅದಕ್ಕೆ ಇರುವುದು ಇಇಪ್ರಾಮ್ ಎಂಬ ಕಡತ. ಜಾಣರು ಅಲ್ಲಿ ಹೆಸರನ್ನೇ ಬರೆಯುವುದಿಲ್ಲ. ಪಟ್ಟಿಯಲ್ಲಿ ಎಷ್ಟನೆಯದೆಂಬ ಒಂದು ಬೈಟನ್ನು ಬರೆಯುತ್ತಾರೆ. ಜಾತ್ರೆಗೋ ಮದುವೆಗೋ ಹೊರಟ ಬಸ್ಸಿನಲ್ಲಿ ಪಟ್ಟಿಯಲ್ಲಿಲ್ಲದ ಹೆಸರನ್ನು ತೋರಿಸಬೇಕಾದಾಗ ಮಾತ್ರ ಇಡೀ ಸರವನ್ನು ಅಲ್ಲಿ ಇಡಬೇಕಾಗುತ್ತದೆ.

ಕಡತದಲ್ಲಿ ಬರೆಯುವಾಗ ಎರಡು ಅಪಾಯಗಳುಂಟು. ಮೊದಲನೆಯದು, ಬರೆಯುತ್ತಿರುವಾಗಲೇ ವಿದ್ಯುತ್ತು ಹೋಗುವುದು. ಒಂದು ಬೈಟನ್ನು ಬರೆಯಲು ಈ ಚಿಪ್ಪು ಸುಮಾರು ೩.೪ ಮಿಲಿಸೆಕೆಂಡು ತೆಗೆದುಕೊಳ್ಳುತ್ತದೆ. ೨೫ ಬೈಟಿನ ಹೆಸರಿಗೆ ೮೫ ಮಿಲಿಸೆಕೆಂಡು, ಅಂದರೆ ಸೆಕೆಂಡಿನ ಹನ್ನೆರಡನೆಯ ಒಂದು ಭಾಗ. ಕೀಲಿ ತಿರುಗಿಸುವ ಕೈಗೆ ಅಷ್ಟು ಹೊತ್ತು ಸಾಕು. ಇಇಪ್ರಾಮಿನಲ್ಲಿ ಬಾಗೇಪಲ್ಲಿ ಎಂದಿತ್ತು; ಅದರ ಮೇಲೆ ಬಾಗಲಕೋಟೆ ಎಂದು ಬರೆಯಹೊರಟಾಗ ನಾಲ್ಕು ಚಿಹ್ನೆ ಮುಗಿಯುವಷ್ಟರಲ್ಲಿ ವಿದ್ಯುತ್ತು ಹೋಯಿತೆನ್ನೋಣ. ಬೆಳಗ್ಗೆ ಫಲಕದ ಮೇಲೆ ‘ಬಾಗಲಪಲ್ಲಿ’ ಎಂಬ ಊರು ಮೂಡುತ್ತದೆ! ಒಂದು ಊರು ನಾಡಿನ ಉತ್ತರದಲ್ಲಿ, ಇನ್ನೊಂದು ಆಂಧ್ರದ ಗಡಿಯಲ್ಲಿ. ಅಕ್ಷರಗಳೆಲ್ಲ ನೆಟ್ಟಗಿವೆ, ಸೊನ್ನೆಯೂ ಕೊನೆಯಲ್ಲಿದೆ, ಯಂತ್ರಕ್ಕೆ ಯಾವ ಅನುಮಾನವೂ ಇಲ್ಲ. ಬಸ್ಸಿಗಾಗಿ ಕಾದವರು ಮಾತ್ರ ದಿಕ್ಕುಗಾಣದೆ ನಿಲ್ಲುತ್ತಾರೆ. ಇದನ್ನು ತಪ್ಪಿಸಲು ಎರಡು ಎಡೆಗಳನ್ನು ಇಟ್ಟುಕೊಳ್ಳುವುದುಂಟು. ಹಳೆಯ ಹೆಸರನ್ನು ಮುಟ್ಟದೆ ಹೊಸದನ್ನು ಎರಡನೆಯ ಎಡೆಯಲ್ಲಿ ಪೂರ್ತಿಯಾಗಿ ಬರೆದು, ಬೈಟುಗಳ ಮೊತ್ತವನ್ನೂ ಪಕ್ಕದಲ್ಲಿ ಗುರುತಿಸಿ, ಎಲ್ಲ ಮುಗಿದ ಮೇಲೆ ಇನ್ನು ಇದೇ ಸರಿಯಾದುದು ಎಂದು ಒಂದು ಬೈಟಿನಲ್ಲಿ ಸೂಚಿಸುವುದು. ನಡುವೆ ವಿದ್ಯುತ್ತು ಹೋದರೆ ಮೊತ್ತ ತಾಳೆಯಾಗದು. ಯಂತ್ರ ಹಳೆಯ ಹೆಸರನ್ನೇ ತೋರಿಸುತ್ತದೆ. ನಿನ್ನೆಯ ಊರಾದರೂ ಅದು ನಿಜವಾದ ಊರು.

ಎರಡನೆಯ ಅಪಾಯ ಸವಕಳಿ. ಎಲೆಕ್ಟ್ರಾನುಗಳು ಗೋಡೆಯನ್ನು ದಾಟಿದಾಗಲೆಲ್ಲ ಗೋಡೆಗೆ ಅಷ್ಟಿಷ್ಟು ಪೆಟ್ಟಾಗುತ್ತದೆ. ಬಳಪ ಉಜ್ಜಿ ಉಜ್ಜಿ ಕಡತದ ಕಪ್ಪು ಹೋಗುವಂತೆ, ಕ್ರಮೇಣ ಗೋಡೆ ಹಿಡಿತ ಕಳೆದುಕೊಳ್ಳುತ್ತದೆ. ಓದುವುದರಿಂದ ಈ ಹಾನಿಯಿಲ್ಲ. ಈ ಚಿಪ್ಪಿನ ಇಇಪ್ರಾಮನ್ನು ಒಂದು ಲಕ್ಷ ಸಲ, ಫ್ಲ್ಯಾಷನ್ನು ಹತ್ತು ಸಾವಿರ ಸಲ ಅಳಿಸಿ ಬರೆಯಬಹುದೆಂದು ತಯಾರಕರು ಹೇಳುತ್ತಾರೆ. ಲಕ್ಷವೆಂಬುದು ದೊಡ್ಡ ಸಂಖ್ಯೆಯಂತೆ ಕೇಳಿಸುತ್ತದೆ. ಅಚಾತುರ್ಯದಿಂದ ಸೆಕೆಂಡಿಗೊಮ್ಮೆ ಅದೇ ಎಡೆಯಲ್ಲಿ ಬರೆಯುವ ಪ್ರೋಗ್ರಾಮು ಆ ಲಕ್ಷವನ್ನು ೨೭ ಗಂಟೆ ೪೭ ನಿಮಿಷದೊಳಗೆ ಮುಗಿಸಿಬಿಡುತ್ತದೆ. ಗಂಟೆಗೊಮ್ಮೆ ಬರೆಯುವುದು ಹನ್ನೊಂದು ವರ್ಷ ಮೀರಿ ಬಾಳುತ್ತದೆ. ಆದುದರಿಂದ ಮೊದಲು ಓದಿ ನೋಡಿ, ಬದಲಾಗಿದ್ದರೆ ಮಾತ್ರ ಬರೆಯುವುದು ಕ್ರಮ. ಇಇಪ್ರಾಮನ್ನು ೩೨ ಬೈಟಿನ ೩೨ ಎಡೆಗಳಾಗಿ ಹಂಚಿಕೊಂಡು ಒಂದಾದ ಮೇಲೊಂದರಲ್ಲಿ ಸರದಿಯಂತೆ ಬರೆದರೆ ಆಯುಸ್ಸು ಮತ್ತೂ ಹೆಚ್ಚುತ್ತದೆ.

ಅಳಿಯದ ನೆನಪೂ ಸವೆಯುತ್ತದೆಂಬುದಕ್ಕೆ ಬಹು ದೂ��ದಲ್ಲಿ ಒಂದು ನಿದರ್ಶನ ಒದಗಿತು. ೨೦೦೪ರ ಜನವರಿಯಲ್ಲಿ ಆಪರ್ಚುನಿಟಿ ಎಂಬ ಅಮೆರಿಕದ ಗಾಲಿಯಂತ್ರವು ಮಂಗಳಗ್ರಹದ ಮೇಲೆ ಇಳಿಯಿತು. ಅದು ಅಲ್ಲಿ ತೊಂಬತ್ತು ದಿನ ಕೆಲಸ ಮಾಡಿದರೆ ಸಾಕೆಂದು ಕಟ್ಟಿದವರ ಎಣಿಕೆ. ಹಗಲೆಲ್ಲ ಅಲೆದು ಚಿತ್ರ ತೆಗೆದು, ಕಂಡದ್ದನ್ನು ಫ್ಲ್ಯಾಷಿನಲ್ಲಿ ಬರೆದಿಟ್ಟು, ರಾತ್ರಿಯ ಕೊರೆಯುವ ಚಳಿಯಲ್ಲಿ ಅದು ನಿದ್ರಿಸುತ್ತಿತ್ತು. ಹತ್ತು ವರ್ಷ ಹೀಗೆ ಬರೆದೂ ಬರೆದೂ ಆ ಫ್ಲ್ಯಾಷ್ ಹಣ್ಣಾಯಿತು. ೨೦೧೪ರಲ್ಲಿ ಗಾಲಿಯಂತ್ರವು ಮತ್ತೆ ಮತ್ತೆ ದಿಗಿಲುಗೊಂಡಂತೆ ತನ್ನನ್ನು ತಾನೇ ಹೊಸದಾಗಿ ಆರಂಭಿಸಿಕೊಳ್ಳತೊಡಗಿತು. ಬೆಳಗ್ಗೆ ಎದ್ದಾಗ ಹಿಂದಿನ ದಿನದ್ದು ಅದಕ್ಕೆ ನೆನಪಿರುತ್ತಿರಲಿಲ್ಲ. ಎಂಜಿನಿಯರುಗಳು ಭೂಮಿಯಿಂದಲೇ ಆ ಫ್ಲ್ಯಾಷನ್ನು ಪೂರ್ತಿಯಾಗಿ ಅಳಿಸಿ ಸಜ್ಜುಗೊಳಿಸಿದರು. ಕೆಲವು ದಿನ ಸರಿಯಾದಂತೆ ತೋರಿ ಮರೆವು ಮರಳಿ ಬಂತು. ಅಷ್ಟು ದೂರ ಹೋಗಿ ಚಿಪ್ಪನ್ನು ಬದಲಿಸುವವರಾರು? ಕೊನೆಗೆ ಅವರು ಫ್ಲ್ಯಾಷನ್ನು ಕೈಬಿಟ್ಟು, ರ‍್ಯಾಮ್ ಒಂದನ್ನೇ ನಂಬಿ ನಡೆಯುವಂತೆ ಯಂತ್ರಕ್ಕೆ ಕಲಿಸಿದರು. ಅಲ್ಲಿಂದ ಮುಂದೆ ೨೦೧೮ರ ಜೂನ್ ತಿಂಗಳ ಧೂಳಿನ ಬಿರುಗಾಳಿ ಅದನ್ನು ಮೌನವಾಗಿಸುವ ತನಕ, ದಿನದಲ್ಲಿ ಕಂಡದ್ದನ್ನು ಮಲಗುವ ಮೊದಲೇ ಮಂಗಳನ ಸುತ್ತ ಸುತ್ತುವ ಉಪಗ್ರಹಕ್ಕೆ ಒಪ್ಪಿಸಿಬಿಡುವುದು ಅದರ ದಿನಚರಿಯಾಯಿತು. ಒಪ್ಪಿಸಲಾಗದೆ ಉಳಿದದ್ದು ರಾತ್ರಿ ಅಳಿದುಹೋಗುತ್ತಿತ್ತು. ಒಪ್ಪಿಸಿದ್ದು ಭೂಮಿಯನ್ನು ಮುಟ್ಟಿ, ಓದುವವರ ಕೈ ಸೇರಿತು.